ಪಂಕ್ತಿಭೇದವಿಲ್ಲದ ಹೋಟೆಲು

ಕನ್ನಡದಲ್ಲಿ 'ಪಂಕ್ತಿಭೇದ' ಎಂಬ ಮಾತೊಂದುಂಟು. ಮದುವೆ ಮುಂಜಿಗಳ ಊಟ ಉಂಡವರಿಗೆಲ್ಲ ಅದರ ಪರಿಚಯವಿದೆ. ಆ ಮಾತಿಗೆ ಎರಡು ಅರ್ಥ. ಕೆಲವರನ್ನು ಒಂದು ಸಾಲಿನಲ್ಲಿಯೂ ಉಳಿದವರನ್ನು ಬೇರೊಂದು ಸಾಲಿನಲ್ಲಿಯೂ ಕೂರಿಸುವುದು ಒಂದು. ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿ, ಬೇಕಾದವರ ಹೋಳಿಗೆಯ ಮೇಲೆ ತುಪ್ಪವನ್ನು ಧಾರೆಯೆರೆದು, ಬೇಡದವರ ಎಲೆಯ ಮುಂದೆ ಬಂದಾಗ ಗಿಂಡಿಯನ್ನು ಅವಸರದಿಂದ ಮುಂದಕ್ಕೊಯ್ಯುವುದು ಇನ್ನೊಂದು. ಮೊದಲನೆಯದು ಛತ್ರದ ಬಾಗಿಲಲ್ಲಿ ನಿಂತವರಿಗೂ ಕಾಣುವ ಭೇದ. ಎರಡನೆಯದು ಎಲೆಯ ಮುಂದೆ ಕುಳಿತವನಿಗೆ ಮಾತ್ರ ತಿಳಿಯುವ ಭೇದ.

ಈಚಿನ ವರ್ಷಗಳಲ್ಲಿ ವ್ಯಾಪಾರ ಪ್ರಪಂಚದಲ್ಲಿ ವೈವಿಧ್ಯ, ಸಮತೆ, ಸೇರ್ಪಡೆ ಎಂಬ ಮೂರು ಮಾತುಗಳು ಜೊತೆಜೊತೆಯಾಗಿ ಸಂಚರಿಸುತ್ತಿವೆ. ದೊಡ್ಡ ಕಂಪನಿಗಳು ಈ ಮೂರರ ಪಾಲನೆಗೆಂದೇ ಅಧಿಕಾರಿಗಳನ್ನು ನೇಮಿಸಿ, ನುಣುಪು ಕಾಗದದ ಮೇಲೆ ವರದಿಗಳನ್ನು ಅಚ್ಚುಹಾಕಿಸಿವೆ. ನಮಗೆ ಇದನ್ನು ತಿಳಿಯಲು ಅಷ್ಟು ಕಾಗದ ಬೇಕಿಲ್ಲ. ಪಂಕ್ತಿಯಲ್ಲಿ ಎಲ್ಲ ಬಗೆಯ ಜನರೂ ಇರುವುದು ವೈವಿಧ್ಯ. ಕೊನೆಯ ಎಲೆಯವರೆಗೂ ತುಪ್ಪ ತಲಪುವುದು ಸಮತೆ. ಕುಳಿತವನು 'ನಾನು ಕರೆಯದೆ ಬಂದವನಲ್ಲ' ಎಂಬ ನೆಮ್ಮದಿಯಿಂದ ಉಣ್ಣುವುದು ಸೇರ್ಪಡೆ.

ದೊಡ್ಡವರ ಮಾತು ಹಾಗಿರಲಿ. ದಿನದ ಗಲ್ಲಾಪೆಟ್ಟಿಗೆಯನ್ನು ನಂಬಿ ಬದುಕುವ ಸಣ್ಣ ವ್ಯಾಪಾರಿಗೆ ಇದೆಲ್ಲ ಸಾಧ್ಯವೆ? ಈ ಪ್ರಶ್ನೆಯನ್ನು ಪರೀಕ್ಷಿಸಲು ಹೋಟೆಲಿಗಿಂತ ಒಳ್ಳೆಯ ಸ್ಥಳವಿಲ್ಲ. ನಗರದ ಸಂಸಾರಗಳಿಗೆ ಅದು ಎರಡನೆಯ ಅಡಿಗೆಮನೆ. ಅಲ್ಲದೆ, ಪಂಕ್ತಿಯ ಪ್ರಶ್ನೆ ಮನೆಯಿಂದ ಬೀದಿಗೆ ಬಂದು ನಿಂತದ್ದೇ ಹೋಟೆಲಿನ ಬಾಗಿಲಲ್ಲಿ.

ಮುಂಬಾಗಿಲು

ದಕ್ಷಿಣ ಭಾರತದ ಪಟ್ಟಣಗಳಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ 'ಬ್ರಾಹ್ಮಣರ ಹೋಟೆಲು' ಎಂಬ ಫಲಕ ಸಾಮಾನ್ಯವಾಗಿತ್ತು. ಒಳಗೆ ಅಡಿಗೆ ಮಾಡುವವರು ಯಾರು ಎಂಬುದನ್ನು ಅದು ಸಾರುತ್ತಿತ್ತು. ಉಣ್ಣಲು ಬಂದವರು ಎಲ್ಲಿ ಕೂರಬೇಕು ಎಂಬುದನ್ನೂ ಹಲವೆಡೆ ಸೂಚಿಸುತ್ತಿತ್ತು. ಒಳಕೋಣೆ ಕೆಲವರಿಗೆ, ಹೊರಗಿನ ಪಡಸಾಲೆ ಮಿಕ್ಕವರಿಗೆ. ಅಸ್ಪೃಶ್ಯರೆಂದು ಹೊರಗಿಡಲ್ಪಟ್ಟವರಿಗೆ ಎರಡೂ ಇಲ್ಲ. ಬೀದಿಯಲ್ಲಿ ನಿಂತು, ಮೇಲಿನಿಂದ ಸುರಿದುದನ್ನು ಕುಡಿದು ಹೋಗಬೇಕು.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನ ಈ ಬಾಗಿಲನ್ನು ಹೆಸರಿಟ್ಟೇ ತೆರೆಯಿತು. ಅದರ 15ನೆಯ ವಿಧಿಯಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲು ಎಂಬ ಮಾತುಗಳು ಸ್ಪಷ್ಟವಾಗಿಯೇ ಇವೆ. ಧರ್ಮ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣಕ್ಕೆ ಯಾವ ಪ್ರಜೆಯನ್ನೂ ಅಲ್ಲಿಂದ ತಡೆಯುವಂತಿಲ್ಲ. ರಾಷ್ಟ್ರವೊಂದರ ಮೂಲಶಾಸನದಲ್ಲಿ ಹೋಟೆಲಿಗೆ ಸ್ಥಾನ ದೊರೆತದ್ದು ಸಣ್ಣ ಸಂಗತಿಯೇನಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮುಂದೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯೆಂದು ಹೆಸರಾದುದು ಇದೇ. ಒಳಗೆ ಬಿಡದಿರುವುದು ಮಾತ್ರವಲ್ಲ, ಹೋಟೆಲಿನಲ್ಲಿಟ್ಟ ಪಾತ್ರೆಯನ್ನು ಬಳಸಗೊಡದಿರುವುದೂ ಅಪರಾಧವೆಂದು ಅದು ವಿಧಿಸಿತು. ಬಾಗಿಲು ತೆರೆದು ಲೋಟವನ್ನು ಬೇರೆ ಇಡುವ ಜಾಣತನವನ್ನು ಕಾನೂನು ಮೊದಲೇ ಊಹಿಸಿತ್ತು! ಎರಡು ಲೋಟದ ಪದ್ಧತಿ ಕೆಲವು ಹಳ್ಳಿಗಳ ಚಹದಂಗಡಿಗಳಲ್ಲಿ ಅಲ್ಲಿಂದೀಚೆಗೂ ಉಳಿದುಕೊಂಡು ಬಂದದ್ದು ನಮ್ಮ ಲಜ್ಜೆಯ ವಿಷಯ. ಆದರೂ ನಗರಗಳ ಮಟ್ಟಿಗೆ ಮುಂಬಾಗಿಲು ತೆರೆಯಿತೆನ್ನಬೇಕು. ಇಂದು ದರ್ಶಿನಿಯ ಮುಂದೆ ನಿಂತು ಇಡ್ಲಿ ತಿನ್ನುವವನು ಪಕ್ಕದವನ ಕುಲವನ್ನು ವಿಚಾರಿಸಲಾರ. ವಿಚಾರಿಸುವಷ್ಟು ಹೊತ್ತು ನಿಲ್ಲಲು ಅಲ್ಲಿ ಜಾಗವೂ ಇಲ್ಲ.

ಹಿಂಬಾಗಿಲು

ಹೋಟೆಲಿಗೆ ಇನ್ನೊಂದು ಬಾಗಿಲಿದೆ. ಅದು ಅಡಿಗೆಮನೆಗೆ ಹೋಗುವ ಹಿಂಬಾಗಿಲು. ಮುಂಬಾಗಿಲಿನಿಂದ ಬರುವವನು ಹಣ ತರುತ್ತಾನೆ. ಹಿಂಬಾಗಿಲಿನಿಂದ ಬರುವವನು ಕೆಲಸ ಕೇಳುತ್ತಾನೆ. ಹಣ ತರುವವನನ್ನು ಒಳಗೆ ಕರೆಯಲು ಕಾನೂನಿನ ಭಯದ ಜೊತೆಗೆ ಲಾಭದ ಆಸೆಯೂ ನೆರವಾಗುತ್ತದೆ. ಕೆಲಸ ಕೇಳುವವನನ್ನು ಕರೆಯಲು ಬೇಕಾದುದು ಮಾಲಿಕನ ಮನಸ್ಸು.

ನಮ್ಮ ಹೋಟೆಲುಗಾರರಲ್ಲಿ ಆ ಮನಸ್ಸು ಎಂದೂ ಇರಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ದಕ್ಷಿಣ ಕನ್ನಡ, ಉಡುಪಿಗಳ ಕಡೆಯಿಂದ ಮುಂಬಯಿಗೆ ಹೋದ ಬಡ ಹುಡುಗರು ಹೋಟೆಲುಗಳಲ್ಲಿ ಲೋಟ ತೊಳೆದು, ಮೇಜು ಒರೆಸಿ, ಸಂಜೆಯಾದೊಡನೆ ಅಲ್ಲಿನ ಕನ್ನಡ ರಾತ್ರಿಶಾಲೆಗಳಿಗೆ ಹೋಗಿ ಓದಿದ ಕಥೆ ಎಷ್ಟೋ ಮನೆಗಳಲ್ಲಿ ಇಂದಿಗೂ ಕೇಳಸಿಗುತ್ತದೆ. ಹಾಗೆ ಓದಿದವರಲ್ಲಿ ವಕೀಲರಾದವರು, ಬ್ಯಾಂಕು ಸೇರಿದವರು, ಸ್ವಂತ ಹೋಟೆಲು ತೆರೆದವರು ಉಂಟು. ಎಳೆಯ ಮಕ್ಕಳನ್ನು ದುಡಿಸಿಕೊಂಡ ಆ ಪದ್ಧತಿಯನ್ನು ಯಾರೂ ಹೊಗಳಬೇಕಾಗಿಲ್ಲ. ಆದರೆ ಒಂದು ಅಂಶ ಗಮನಿಸತಕ್ಕದ್ದು: ಹುಡುಗ ಶಾಲೆಗೆ ಹೋಗಬೇಕಾದರೆ ಸಂಜೆಯ ವ್ಯಾಪಾರದ ಹೊತ್ತಿನಲ್ಲಿ ಅವನನ್ನು ಬಿಡಬೇಕು, ಅವನ ಪಾಳಿಯನ್ನು ಬೆಳಿಗ್ಗೆಗೆ ಬದಲಾಯಿಸಬೇಕು. ಹಾಗೆ ಮಾಡಿದ ಮಾಲಿಕ 'ಸಮತೆ' ಎಂಬ ಪದವನ್ನು ಕೇಳಿರಲಿಕ್ಕಿಲ್ಲ. ಆದರೆ ಮನುಷ್ಯನ ಅಗತ್ಯಕ್ಕೆ ಕೆಲಸವನ್ನು ಹೊಂದಿಸುವ ಅದರ ತಿರುಳು ಅವನಿಗೆ ತಿಳಿದಿತ್ತು.

ಇನ್ನೊಂದು ನಿದರ್ಶನ ಬೆಂಗಳೂರಿನದೇ. ಕಾಫಿ ಮಂಡಲಿಯು ತನ್ನ ಕಾಫಿಹೌಸುಗಳನ್ನು ಮುಚ್ಚಲು ತೊಡಗಿದಾಗ ಬೀದಿಗೆ ಬಿದ್ದ ಕೆಲಸಗಾರರು, ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅವರ ಪ್ರೋತ್ಸಾಹದಿಂದ ತಮ್ಮದೇ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು ಪ್ರಾರಂಭವಾದದ್ದು 1957ರ ಆಗಸ್ಟ್ ತಿಂಗಳಲ್ಲಿ, ಬೆಂಗಳೂರಿನಲ್ಲಿ. ಮೇಜಿನ ಮುಂದೆ ಕೈಕಟ್ಟಿ ನಿಂತವನೇ ಮಾಲಿಕನಾದ. ಕಾಫಿಯ ರುಚಿಯೇನೂ ಕೆಡಲಿಲ್ಲ.

ಇಷ್ಟಾದರೂ ಹಿಂಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಹಳೆಯ ಹೋಟೆಲುಗಳಲ್ಲಿ ಬಾಣಸಿಗರಿಂದ ಹಿಡಿದು ಮಾಣಿಗಳವರೆಗೆ ಬಹುಮಟ್ಟಿಗೆ ಗಂಡಸರೇ. ಮನೆಯಲ್ಲಿ ಅಡಿಗೆಯೆಲ್ಲ ಹೆಂಗಸಿನ ಪಾಲು, ಸಂಬಳ ಬರುವ ಕಡೆ ಅದು ಗಂಡಸಿನ ಪಾಲು! ಇನ್ನು ಕಣ್ಣು ಕಾಣದವರು, ಕಿವಿ ಕೇಳದವರು, ಗಾಲಿಕುರ್ಚಿಯಲ್ಲಿ ಓಡಾಡುವವರು, ಬುದ್ಧಿಯ ಬೆಳವಣಿಗೆ ನಿಧಾನವಾದವರು ಹೋಟೆಲಿನ ಹೊರಗೆ ಕೈಯೊಡ್ಡಿ ನಿಂತಿದ್ದರೆ ನಮಗೆ ಆಶ್ಚರ್ಯವಾಗುತ್ತಿರಲಿಲ್ಲ. ಒಳಗೆ ಕಾಫಿ ತಂದುಕೊಟ್ಟಿದ್ದರೆ ಆಶ್ಚರ್ಯವಾಗುತ್ತಿತ್ತು. ಯಾವುದಕ್ಕೆ ಆಶ್ಚರ್ಯಪಡುತ್ತೇವೆ ಎಂಬುದರಿಂದಲೇ ನಮ್ಮ ಸಮಾಜದ ಗುಣ ತಿಳಿಯುತ್ತದೆ.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಂಗವೈಕಲ್ಯವುಳ್ಳವರ ಸಂಖ್ಯೆ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು. ದೇಶದ ಈ ಜನರಲ್ಲಿ ದುಡಿಮೆ ಇದ್ದವರು ಶೇಕಡ 36 ಮಾತ್ರ. ಗಂಡಸರಲ್ಲಿ ಶೇಕಡ 47, ಹೆಂಗಸರಲ್ಲಿ ಶೇಕಡ 23. ಹೆಣ್ಣಾಗಿ ಹುಟ್ಟಿದ್ದಕ್ಕೊಂದು ತಡೆ, ಅಂಗ ಊನವಾದುದಕ್ಕೆ ಇನ್ನೊಂದು ತಡೆ. ಎರಡೂ ಒಬ್ಬಳ ಪಾಲಿಗೆ ಬಂದಾಗ ಅಂಕಿ ಅರ್ಧಕ್ಕೆ ಇಳಿಯುತ್ತದೆ. ಅವರ ಹೆಸರನ್ನು ನಾವು ಅನೇಕ ಸಲ ತಿದ್ದಿದ್ದೇವೆ. ಅಂಗವಿಕಲರೆಂದೆವು, ವಿಕಲಚೇತನರೆಂದೆವು, ವಿಶೇಷಚೇತನರೆಂದೆವು. ಗೌರವದ ಮಾತು ಬೇಕಾದುದೇ. ಆದರೆ ತಿಂಗಳ ಮೊದಲನೆಯ ತಾರೀಖಿನಂದು ಕೈಗೆ ಬರುವ ಸಂಬಳದಲ್ಲಿರುವ ಗೌರವ ಯಾವ ಪದದಲ್ಲಿಯೂ ಇಲ್ಲ.

ಹುಬ್ಬಳ್ಳಿಯ ತಗಡಿನ ಶೆಡ್ಡು

2017ರಲ್ಲಿ ಹುಬ್ಬಳ್ಳಿಯ ಬಿ. ವಿ. ಬಿ. ಕಾಲೇಜಿನ ಆವರಣದಲ್ಲಿ ಒಂದು ಸಣ್ಣ ಉಪಾಹಾರಗೃಹ ಬಾಗಿಲು ತೆರೆಯಿತು. ಹೆಸರು 'ಮಿಟ್ಟಿ ಕೆಫೆ'. ಹಿಂದಿಯ 'ಮಿಟ್ಟಿ' ಎಂದರೆ ಮಣ್ಣು. ಸ್ಥಾಪಿಸಿದವರು ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾನಿಲಯದಲ್ಲಿ ಓದಿದ ಅಲೀನಾ ಆಲಂ ಎಂಬ ತರುಣಿ. ಕೈಯಲ್ಲಿ ಬಂಡವಾಳವಿಲ್ಲ, ದೊರೆತದ್ದು ಹಳೆಯದೊಂದು ತಗಡಿನ ಶೆಡ್ಡು. ಮೇಜು ಕುರ್ಚಿ ಪಾತ್ರೆಗಳು ಬಹುಪಾಲು ಊರವರು ಕೊಟ್ಟವು. ವಿಶೇಷವೇನೆಂದರೆ, ಅಡಿಗೆ ಮಾಡುವವರು, ಬಡಿಸುವವರು, ಗಲ್ಲಾದಲ್ಲಿ ಕುಳಿತು ಹಣ ಎಣಿಸುವವರು ಎಲ್ಲರೂ ಯಾವುದಾದರೊಂದು ಬಗೆಯ ಅಂಗವೈಕಲ್ಯ ಅಥವಾ ಬೌದ್ಧಿಕ, ಮಾನಸಿಕ ತೊಡಕುಳ್ಳವರು.

ಅಲ್ಲಿ ಮೊಳೆತದ್ದು ಅಲ್ಲಿಗೇ ನಿಲ್ಲಲಿಲ್ಲ. ಬೆಂಗಳೂರಿನ ದೊಡ್ಡ ಕಂಪನಿಗಳ ಆವರಣಗಳಿಗೂ ಕೆಂಪೇಗೌಡ ವಿಮಾನ ನಿಲ್ದಾಣಕ್ಕೂ ಹಬ್ಬಿತು. 2023ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಆವರಣದಲ್ಲಿ ಇದರ ಶಾಖೆಯೊಂದನ್ನು ಅಂದಿನ ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಉದ್ಘಾಟಿಸಿದರು. ಸಮಾನತೆಯ ಬಗ್ಗೆ ತೀರ್ಪು ಬರೆಯುವವರು ಆ ಸಮಾನತೆಯ ಕೈಯಿಂದಲೇ ಒಂದು ಲೋಟ ಚಹ ಕುಡಿಯುವಂತಾಯಿತು.

ಇಲ್ಲಿ ನಮ್ಮ ಬೀದಿಯ ಹೋಟೆಲುಗಾರ ಒಂದು ಆಕ್ಷೇಪವೆತ್ತಬಹುದು. "ಸ್ವಾಮಿ, ಅದು ಲಾಭಕ್ಕಾಗಿ ನಡೆಯುವ ಸಂಸ್ಥೆಯಲ್ಲ. ದಾನಿಗಳಿದ್ದಾರೆ, ದೊಡ್ಡವರು ಜಾಗ ಕೊಟ್ಟಿದ್ದಾರೆ. ನಾನು ತಿಂಗಳಿಗೆ ಬಾಡಿಗೆ ಕಟ್ಟಬೇಕು, ಗ್ಯಾಸು ತರಬೇಕು, ಸಾಲದ ಕಂತು ತೀರಿಸಬೇಕು. ನನಗೆ ಈ ಧರ್ಮಕಾರ್ಯ ದಕ್ಕೀತೆ?" ಈ ಪ್ರಶ್ನೆ ನ್ಯಾಯವಾದುದು. ಉತ್ತರ ಕೊಡುವ ಮುನ್ನ ಇಂಥ ಅಡಿಗೆಮನೆಯೊಳಗೆ ಕೆಲಸ ಹೇಗೆ ಸಾಗುತ್ತದೆಂಬುದನ್ನು ನೋಡಬೇಕು.

ಆಳಿಗೆ ತಕ್ಕ ಕೆಲಸ

ಮಾಲಿಕರು ಸಾಮಾನ್ಯವಾಗಿ ಕೆಲಸಕ್ಕೆ ತಕ್ಕ ಆಳನ್ನು ಹುಡುಕುತ್ತಾರೆ. ಇಲ್ಲಿ ಆಳಿಗೆ ತಕ್ಕಂತೆ ಕೆಲಸವನ್ನು ಬಿಡಿಸಿ ಜೋಡಿಸಬೇಕು. ಫಿಲ್ಟರ್ ಕಾಫಿಯನ್ನೇ ತೆಗೆದುಕೊಳ್ಳೋಣ. ನಮಗೆ ಅದು ಒಂದು ಕೆಲಸ. ಬಿಡಿಸಿ ನೋಡಿದರೆ ಪುಡಿ ಅಳೆಯುವುದು, ಬಿಸಿನೀರು ಹೊಯ್ಯುವುದು, ಡಿಕಾಕ್ಷನ್ ಇಳಿಯುವವರೆಗೆ ಕಾಯುವುದು, ಹಾಲು ಕಾಯಿಸುವುದು, ಬೆರೆಸುವುದು, ಸಕ್ಕರೆ ಹಾಕುವುದು ಎಂದು ಆರು ಕೆಲಸ. ಒಂದೊಂದಕ್ಕೂ ಒಂದು ಚಿತ್ರ ಬರೆದು ಗೋಡೆಗೆ ಅಂಟಿಸಿ, ಅಳತೆಯ ಚಮಚವನ್ನೂ ಗೆರೆ ಹಾಕಿದ ಪಾತ್ರೆಯನ್ನೂ ಕೊಟ್ಟರೆ, ಓದು ಬಾರದವನೂ ಬುದ್ಧಿ ನಿಧಾನವಾದವನೂ ಅದನ್ನು ಕಲಿಯಬಲ್ಲ. ಕಲಿಯಲು ಹೆಚ್ಚು ದಿನ ಹಿಡಿಯಬಹುದು. ಕಲಿತ ಮೇಲೆ ಇಂಥವರಲ್ಲಿ ಹಲವರು ಕ್ರಮ ತಪ್ಪುವವರಲ್ಲ. 'ಕಣ್ಣಂದಾಜು' ಎಂಬ ಹೆಸರಿನಲ್ಲಿ ಇಂದೊಂದು ರುಚಿ, ನಾಳೆಯೊಂದು ರುಚಿ ಮಾಡುವವರೂ ಅಲ್ಲ.

ಕಿವಿ ಕೇಳದ ಪರಿಚಾರಕನಿಗೆ ಗಂಟೆಯ ಬದಲು ದೀಪ. ಮೇಜಿನ ಗುಂಡಿ ಒತ್ತಿದರೆ ಅವನ ಕಣ್ಣೆದುರು ಬಲ್ಬು ಹೊತ್ತಿಕೊಳ್ಳುತ್ತದೆ. ತಿಂಡಿಯ ಪಟ್ಟಿಗೆ ಸಂಖ್ಯೆಗಳನ್ನು ಕೊಟ್ಟರೆ, ಬೆರಳಿಟ್ಟು ತೋರಿಸುವುದರಲ್ಲಿಯೇ ಮಾತು ಮುಗಿಯುತ್ತದೆ. 'ನೀರು', 'ಸಾಕು', 'ಧನ್ಯವಾದ' ಎಂಬ ಮಾತುಗಳಿಗೆ ಸನ್ನೆ ಯಾವುದೆಂದು ಗೋಡೆಯ ಚಿತ್ರಪಟ ಗಿರಾಕಿಗೆ ಕಲಿಸುತ್ತದೆ. ದೃಷ್ಟಿಯಿಲ್ಲದವರಿಗೆ ಬ್ರೈಲ್ ಲಿಪಿಯ ಪಟ್ಟಿ. ಒಳಗೆ ಕೆಲಸ ಮಾಡುವವರಿಗಾದರೆ ಒಂದೇ ಒಂದು ಕಟ್ಟಳೆ: ತೆಗೆದ ವಸ್ತುವನ್ನು ತೆಗೆದಲ್ಲಿಯೇ ಇಡತಕ್ಕದ್ದು. ಕಣ್ಣಿದ್ದವರ ಎಷ್ಟು ಅಡಿಗೆಮನೆಗಳಲ್ಲಿ ಈ ಶಿಸ್ತು ಇದೆಯೆಂದು ಓದುಗರೇ ಎದೆ ಮುಟ್ಟಿಕೊಂಡು ಹೇಳಲಿ! ಗಾಲಿಕುರ್ಚಿಯವರಿಗೆ ಕಟ್ಟೆಯನ್ನು ಸ್ವಲ್ಪ ತಗ್ಗಿಸಬೇಕು, ಮೇಜುಗಳ ನಡುವೆ ದಾರಿ ಬಿಡಬೇಕು.

ಇವುಗಳಲ್ಲಿ ಹೆಚ್ಚಿನವು ದುಬಾರಿಯಲ್ಲ. ಇವುಗಳಿಂದ ಉಪಕಾರ ಹೊಂದುವವರು ಆ ಕೆಲಸಗಾರರೊಬ್ಬರೇ ಅಲ್ಲ. ಮೆಟ್ಟಿಲಿನ ಬದಲು ಇಳಿಜಾರು ಹಾಕಿದರೆ ಮೊಣಕಾಲು ನೋವಿನ ಅಜ್ಜಿಗೂ ಅನುಕೂಲ, ಕೈಗಾಡಿಯಲ್ಲಿ ಮಗುವನ್ನು ತರುವ ತಾಯಿಗೂ ಅನುಕೂಲ, ಅಕ್ಕಿಮೂಟೆ ಇಳಿಸುವವನಿಗೂ ಅನುಕೂಲ. ಸಂಖ್ಯೆ ಹಾಕಿದ ಪಟ್ಟಿ ಕನ್ನಡ ಬಾರದ ಪರಸ್ಥಳದವರಿಗೂ ನೆರವು. ಕೊನೆಯ ಎಲೆಗೆ ತುಪ್ಪ ತಲಪುವಂತೆ ಏರ್ಪಾಡು ಮಾಡಿದರೆ ನಡುವಿನ ಎಲೆಗಳೂ ಬರಿದಾಗಿ ಉಳಿಯುವುದಿಲ್ಲ.

ಲೆಕ್ಕದ ಪುಸ್ತಕ

ಈಗ ಹೋಟೆಲುಗಾರನ ಪ್ರಶ್ನೆಗೆ ಬರೋಣ. ಇಳಿಜಾರಿಗೆ ಒಪ್ಪಿತವಾದ ಪ್ರಮಾಣ ಹನ್ನೆರಡಕ್ಕೆ ಒಂದು. ಎಂದರೆ, ಆರು ಅಂಗುಲ ಎತ್ತರದ ಒಂದು ಮೆಟ್ಟಿಲಿಗೆ ಆರು ಅಡಿ ಉದ್ದದ ಇಳಿಜಾರು. ಗಾರೆಯವನಿಗೆ ಅದು ದೊಡ್ಡ ಕೆಲಸವಲ್ಲ. ಗೋಡೆಯ ಚಿತ್ರ, ಸಂಖ್ಯೆಯ ಪಟ್ಟಿ, ಬಲ್ಬು ಇವು ನಾಮಫಲಕದ ವೆಚ್ಚವನ್ನು ಮೀರಲಾರವು. ನಿಜವಾದ ವೆಚ್ಚ ಕಾಲದ್ದು. ಹೊಸಬನು ಕಲಿಯುವವರೆಗೆ ಮಾಲಿಕನು ಜೊತೆಗೆ ನಿಲ್ಲಬೇಕು. ಕೆಲವು ಲೋಟ ಒಡೆದಾವು, ಕೆಲವು ಗಿರಾಕಿಗಳು ಕೈಗಡಿಯಾರ ನೋಡಿಕೊಂಡಾರು. ಆದರೆ ಹೋಟೆಲುಗಾರರ ಶಾಶ್ವತ ಗೋಳು ಯಾವುದು? 'ಆಳುಗಳು ನಿಲ್ಲುವುದಿಲ್ಲ' ಎಂಬುದು. ಇಂದು ಬಂದವನು ನಾಳೆ ಪಕ್ಕದ ಬೀದಿಗೆ ಹೋಗುತ್ತಾನೆ, ಕಲಿಸಿದ್ದೆಲ್ಲ ವ್ಯರ್ಥ. ಹತ್ತು ಬಾಗಿಲು ಮುಚ್ಚಿದ ಮೇಲೆ ಒಂದು ಬಾಗಿಲು ತೆರೆದುದನ್ನು ಕಂಡವನು ಅಷ್ಟು ಸುಲಭವಾಗಿ ಅದನ್ನು ಬಿಟ್ಟುಹೋಗುವನೆ? ಕಲಿಸಿದ ಕಾಲ ಆ ಲೆಕ್ಕದಲ್ಲಿ ಜಮೆಯಾಗುತ್ತದೆ.

ಕಾನೂನು ಏನೆನ್ನುತ್ತದೆ? 2016ರಲ್ಲಿ ಸಂಸತ್ತು ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಕಾಯಿದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂದಿತು. 1995ರ ಹಳೆಯ ಕಾಯಿದೆ ಏಳು ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದ್ದರೆ, ಹೊಸದು ಇಪ್ಪತ್ತೊಂದನ್ನು ಗುರುತಿಸಿತು. ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇಕಡ 4ರ ಮೀಸಲಾತಿಯನ್ನು ಗೊತ್ತುಮಾಡಿತು. ಖಾಸಗಿಯವರಿಗೆ ಅಂಥ ಕಡ್ಡಾಯವಿಲ್ಲ. ಅವರ ಕೆಲಸಗಾರರಲ್ಲಿ ಶೇಕಡ 5ರಷ್ಟಾದರೂ ಇಂಥವರಿರುವಂತೆ ಸರ್ಕಾರ ಪ್ರೋತ್ಸಾಹ ಕೊಡಬೇಕೆಂದು ಮಾತ್ರ ಹೇಳಿತು. ನಾಲ್ವರು ಕೆಲಸಗಾರರಿರುವ ಅಂಗಡಿಯಲ್ಲಿ ಶೇಕಡ 5 ಎಂದರೆ ಒಬ್ಬ ಮನುಷ್ಯನ ಐದನೆಯ ಒಂದು ಪಾಲು! ಆ ಲೆಕ್ಕವನ್ನು ನೋಡಿ 'ಇದು ನಮಗಲ್ಲ' ಎಂದು ಸಣ್ಣ ವ್ಯಾಪಾರಿ ಪುಸ್ತಕ ಮುಚ್ಚಬಹುದು. ಆದರೆ ಅದೇ ಲೆಕ್ಕವನ್ನು ತಿರುಗಿಸಿ ಓದಿ ನೋಡಿ. ಆ ನಾಲ್ವರಲ್ಲಿ ಒಬ್ಬನೇ ಒಬ್ಬ ಅಂಥವನಾಗಿದ್ದರೆ ಅಂಗಡಿಯ ಪಾಲು ಶೇಕಡ 25. ಸಾವಿರಾರು ಜನರ ಕಾರ್ಖಾನೆ ನೂರಾರು ಜನರನ್ನು ಸೇರಿಸಿಕೊಂಡು ಮಾಡಬೇಕಾದುದನ್ನು ಸಣ್ಣ ಅಂಗಡಿ ಒಬ್ಬನನ್ನು ಸೇರಿಸಿಕೊಂಡು ಮಾಡಬಲ್ಲುದು. ಸಣ್ಣದಾಗಿರುವುದು ಇಲ್ಲಿ ಅಡ್ಡಿಯಲ್ಲ, ಅನುಕೂಲ. ಇಂಥ ಅಂಗಡಿಗಳು ಬೀದಿಬೀದಿಗೂ ಇವೆ. ಬೀದಿಗೊಂದರಂತೆ ಒಂದು ಕೆಲಸ ಹುಟ್ಟಿದರೂ ಜನಗಣತಿಯ ಆ ಶೇಕಡ 36 ಹಾಗೆಯೇ ಉಳಿಯಲಾರದು.

ಆದರೆ ಇಲ್ಲಿ ಎರಡು ಹಳ್ಳಗಳುಂಟು. ಕಾಲಿಡುವಾಗ ಎಚ್ಚರ ಬೇಕು. ಒಂದು, ಅರ್ಧ ಸಂಬಳದ ಪುಣ್ಯ. 'ಯಾರೂ ಕೆಲಸ ಕೊಡದವನಿಗೆ ನಾನು ಕೊಟ್ಟಿದ್ದೇನೆ. ಕೊಟ್ಟಷ್ಟು ತೆಗೆದುಕೊಳ್ಳಲಿ' ಎಂಬ ಭಾವನೆ. ಇದೇ ಪಂಕ್ತಿಭೇದದ ಎರಡನೆಯ ಅರ್ಥ: ಸಾಲಿನಲ್ಲಿ ಕೂರಿಸಿ ತುಪ್ಪ ತಪ್ಪಿಸುವುದು. ಒಂದೇ ಕೆಲಸಕ್ಕೆ ಒಂದೇ ಸಂಬಳವಿಲ್ಲದಿದ್ದರೆ ಉಳಿದ ಮಾತೆಲ್ಲ ಬರಿಯ ಅಲಂಕಾರ. ಇನ್ನೊಂದು, ಪ್ರದರ್ಶನದ ಮೋಹ. ಕೆಲಸಗಾರನನ್ನು ಬಾಗಿಲಲ್ಲಿ ನಿಲ್ಲಿಸಿ, ಅವನ ಕಷ್ಟದ ಕಥೆಯನ್ನು ಫಲಕಕ್ಕೇರಿಸಿ ಗಿರಾಕಿಗಳನ್ನು ಕರೆದರೆ, ಬೀದಿಯಲ್ಲಿ ಕೈಯೊಡ್ಡುವುದನ್ನು ಒಳಗೆ ತಂದಂತಾಯಿತೇ ಹೊರತು ಬೇರೇನೂ ಆಗಲಿಲ್ಲ. ಅಂಗಡಿ ನಿಲ್ಲಬೇಕಾದದ್ದು ರುಚಿಯ ಮೇಲೆ. ಮೊದಲ ಕಾಫಿಯನ್ನು ಗಿರಾಕಿ ಕರುಣೆಯಿಂದ ಕುಡಿದಾನು. ಎರಡನೆಯ ಕಾಫಿಗೆ ಬರುವುದು ಮೊದಲಿನದು ಚೆನ್ನಾಗಿದ್ದರೆ ಮಾತ್ರ. ಆ ಎರಡನೆಯ ಕಾಫಿಯೇ ಕೆಲಸಗಾರನಿಗೆ ದೊರೆಯುವ ನಿಜವಾದ ಪ್ರಶಸ್ತಿಪತ್ರ.

ಹನ್ನೆರಡನೆಯ ಶತಮಾನದ ಶರಣರು 'ಕಾಯಕ' ಎಂಬ ಮಾತಿಗೆ ಕೊಟ್ಟ ಘನತೆ ಇಲ್ಲಿ ನೆನಪಾಗುತ್ತದೆ. ಅಂಬಿಗ, ಮಡಿವಾಳ, ಮಾದಾರ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವವನು, ಎಲ್ಲರೂ ಅಲ್ಲಿ ತಂತಮ್ಮ ದುಡಿಮೆಯಿಂದಲೇ ಗುರುತಾದವರು. ದಾಸೋಹ ನೀಡುವ ಹಕ್ಕು ಕಾಯಕದಿಂದ ಬರುತ್ತದೆ. ಅನ್ನ ಕೊಟ್ಟು ಕಾಯಕವನ್ನು ಕೊಡದೆ ಹೋದರೆ, ಮನುಷ್ಯನನ್ನು ಸದಾ ಪಡೆಯುವವನನ್ನಾಗಿ ಇರಿಸಿ, ನೀಡುವ ಸಂತೋಷದಿಂದ ವಂಚಿಸಿದಂತೆ.

ಗಿರಾಕಿಯ ಪಾಲು

ಹೋಟೆಲು ನಡೆಯುವುದು ಮಾಲಿಕನಿಂದ ಮಾತ್ರವಲ್ಲ, ಗಿರಾಕಿಯಿಂದಲೂ. ಭಾನುವಾರ ಸಂಜೆ ಮಕ್ಕಳೊಡನೆ ಮಸಾಲೆದೋಸೆಗೆ ಹೊರಡುವ ನಮ್ಮಂಥ ಸಂಸಾರಗಳ ಮೇಲೂ ಇದರ ಭಾರವಿದೆ. ಕಿವಿ ಕೇಳದವನ ಮುಂದೆ ಗಂಟಲೆತ್ತಿ ಕೂಗಬೇಡಿ; ಪಟ್ಟಿಯ ಮೇಲೆ ಬೆರಳಿಡಿ. ಮಾತು ತೊದಲುವವನ ವಾಕ್ಯವನ್ನು ನೀವು ಪೂರ್ಣಗೊಳಿಸಬೇಡಿ, ಅರೆನಿಮಿಷ ಕಾಯಿರಿ. 'ಹುಟ್ಟಿನಿಂದಲೇ ಹೀಗೆಯೆ?' ಎಂದು ಕೇಳಬೇಡಿ. ದೋಸೆ ಸುಡುವವನ ಜಾತಕ ನಮಗೇಕೆ? ತಟ್ಟೆ ತಡವಾದರೆ, ಉಪ್ಪು ಹೆಚ್ಚಾದರೆ, ಬೇರೆ ಕಡೆ ಹೇಳುವಂತೆಯೇ ಇಲ್ಲಿಯೂ ಸೌಜನ್ಯದಿಂದ ಹೇಳಿ. ತಪ್ಪನ್ನು ನುಂಗಿಕೊಂಡು 'ಪಾಪ' ಎನ್ನುವುದು ದಯೆಯಲ್ಲ. ಅವನಿಂದ ಒಳ್ಳೆಯ ಕೆಲಸವನ್ನು ನಿರೀಕ್ಷಿಸಲಾರೆನೆಂದು ಹೇಳುವ ಇನ್ನೊಂದು ರೀತಿ. ಮಕ್ಕಳು ಬೆರಗಿನಿಂದ ನೋಡಿದರೆ ಗದರಿಸಿ ಮುಖ ತಿರುಗಿಸಬೇಡಿ. ಗೋಡೆಯ ಮೇಲಿನ ಸನ್ನೆಯನ್ನು ತೋರಿಸಿ 'ಧನ್ಯವಾದ' ಹೇಳುವುದನ್ನು ಕಲಿಸಿ. ಐದು ನಿಮಿಷದಲ್ಲಿ ಅವರು ನಮಗಿಂತ ಚೆನ್ನಾಗಿ ಹೇಳುತ್ತಾರೆ.

1950ರಲ್ಲಿ ಮುಂಬಾಗಿಲನ್ನು ತೆರೆಯಲು ಒಂದು ಸಂವಿಧಾನವೇ ಬೇಕಾಯಿತು. ಹಿಂಬಾಗಿಲಿಗೆ ಬೇಕಾದದ್ದು ಆರು ಅಡಿಯ ಇಳಿಜಾರು, ಗೋಡೆಗೆ ಆರು ಚಿತ್ರ, ಕಲಿಸುವಷ್ಟು ತಾಳ್ಮೆ, ತಿಂಗಳ ಕೊನೆಗೆ ಸರಿಯಾದ ಸಂಬಳ. ಇಷ್ಟನ್ನು ಒದಗಿಸಿದ ಹೋಟೆಲಿಗೆ ಹೋದಾಗ, ಬಿಲ್ಲಿನ ಜೊತೆಗೆ ಮಾಲಿಕನಿಗೆ ಒಂದು ಮೆಚ್ಚುಗೆಯ ಮಾತನ್ನೂ ಕೊಟ್ಟು ಬನ್ನಿ. ಇನ್ನೂ ಒದಗಿಸದ ಹೋಟೆಲಿನಲ್ಲಿ, ಚಿಲ್ಲರೆ ಎಣಿಸಿಕೊಳ್ಳುವಾಗ ಮೆಲ್ಲಗೆ ಕೇಳಿ: "ಯಜಮಾನರೇ, ಈ ಮೆಟ್ಟಿಲಿಗೊಂದು ಇಳಿಜಾರು ಹಾಕಿಸಬಾರದೆ?"